ಎದ್ದು ಹೋಗದ ಭಾವ

ಡ್ರೈವಿಂಗ್ ಕಲಿಸುವ ಆಕೆಯನ್ನು ಶಿಷ್ಯರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕ್ಲಚ್ ಮೇಡಂ. ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್! ಅತ್ತೆ ಕಾಲು ಒತ್ತಿದ ಹಾಗೆ ಒತ್ತಬೇಡ್ರೀ, ಪೂರ್ತಿ ಒತ್ತಿ!" ಎಂದು ಆಕೆ ಕೂಗಿದರೆ ರಸ್ತೆ ಬದಿಯಲ್ಲಿ ನಿಂತವರ ಕಾಲೂ ತಾನಾಗಿ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಗಂಡ ಕನ್ನಡಕದ ಅಂಗಡಿಯಲ್ಲಿ ಗುಮಾಸ್ತ. ಒಳ್ಳೆಯವನು. ಒಳ್ಳೆಯತನ ಬಿಟ್ಟರೆ ಅವನಿಂದ ಮನೆಗೆ ಹೆಚ್ಚಿಗೆ ಏನೂ ಬರುತ್ತಿರಲಿಲ್ಲ ಎಂಬುದು ಆಕೆಯ ಅಂಬೋಣ. ಬೆಕ್ಕು ಮರಿ ಸಾಗಿಸಿದ ಹಾಗೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಂಸಾರ ಸಾಗಿಸಿ ಸಾಕಾಗಿ, ಕೊನೆಗೆ ಆಕೆ ತನ್ನ ದುಡಿಮೆಯಲ್ಲೇ ಒಂದು ಮನೆ ಕೊಂಡಳು.

ಮನೆ ಚಿಕ್ಕದು. ಒಂದು ಹಾಲ್, ಎರಡು ರೂಮು, ಹಿಂದೆ ಒಗೆಯುವ ಕಲ್ಲು. ಮುಂದೆ ಒಂದು ಕಾರು ಸಲೀಸಾಗಿ ನಿಲ್ಲುವಷ್ಟು ಜಾಗ. ಆಕೆ ಮನಸೋತದ್ದು ಅದಕ್ಕೇ. ಹಾಲಿನಲ್ಲಿ ಗೋಡೆಗೆ ಆನಿಸಿ ಒಂದು ಮಂಚವಿತ್ತು. ಮಂಚದ ಮೇಲೆ ಒಬ್ಬ ಮನುಷ್ಯನಿದ್ದ.

"ಅವರು ನಮ್ಮ ಭಾವ, ಅಕ್ಕನ ಗಂಡ," ಎಂದ ಮನೆ ಮಾರುವವನು. "ಸ್ವಲ್ಪ ದಿನಕ್ಕೆ ಅಂತ ಬಂದಿದ್ರು. ರಿಜಿಸ್ಟ್ರೇಷನ್ ಆಗ್ತಿದ್ದ ಹಾಗೇ ಖಾಲಿ ಮಾಡ್ತಾರೆ. ಹೌದಲ್ವಾ ಭಾವ?"

ಭಾವ ಮಲಗಿದಲ್ಲಿಂದಲೇ ಕೈಮುಗಿದ. "ಇನ್ನೊಬ್ಬರ ಮನೇಲಿ ಕೂತು ಉಣ್ಣೋ ಜಾಯಮಾನ ನಮ್ಮದಲ್ಲಮ್ಮ."

ಅವನು ಮದುವೆಯಾದಾಗಿನಿಂದ ಮಾಡಿದ್ದು ಅದೊಂದೇ ಕೆಲಸ ಎಂದು ಬೀದಿಗೆಲ್ಲ ಗೊತ್ತಿತ್ತು. ಬೀದಿಯನ್ನು ವಿಚಾರಿಸುವ ಬುದ್ಧಿ ಮೇಡಂಗೆ ಬರಲಿಲ್ಲ. ರಿಜಿಸ್ಟ್ರೇಷನ್ ಆಯಿತು. ಮಾರಿದವನು ಬೀಗದ ಕೈ ಕೊಟ್ಟು, ಊರಾಚೆಯ ಹೊಸ ಫ್ಲ್ಯಾಟಿಗೆ ಸೇರಿಕೊಂಡು, ಫೋನ್ ಎತ್ತುವುದನ್ನೇ ನಿಲ್ಲಿಸಿದ. ಹೊಳೆ ದಾಟಿದವನಿಗೆ ಅಂಬಿಗನ ಹಂಗೇನು?

ಭಾವನಿಗೆ ಅಂದಿನಿಂದಲೇ ಸೊಂಟ ಹಿಡಿಯಿತು.

"ಎದ್ದು ಕೂರೋಕೂ ಆಗಲ್ಲಮ್ಮ. ಡಾಕ್ಟ್ರು ಅಲ್ಲಾಡಬೇಡಿ ಅಂದಿದಾರೆ," ಎಂದು ನರಳಿದ. ಯಾವ ಡಾಕ್ಟರು ಎಂದರೆ ಹೆಸರು ಮರೆತಿತ್ತು. ಮೇಡಂ ಬಾಡಿಗೆ ಮನೆಯಿಂದ ಮುಂದಿನ ಸಲ ಹೋದಾಗ ಸೊಂಟದ ನೋವು ಕತ್ತಿಗೆ ಏರಿತ್ತು. ಅದರ ಮುಂದಿನ ಸಲ, ಹೊಸ ಜಾಗದ ಗಾಳಿ ತನಗೆ ಒಗ್ಗುವುದಿಲ್ಲ ಎಂದ. ಮಾತು ಮಾತ್ರ ಬೆಲ್ಲ. "ನೀವು ನನ್ನ ತಂಗಿ ಇದ್ದ ಹಾಗೆ. ತಂಗಿ ಮನೆಯಿಂದ ಅಣ್ಣ ಅವಸರದಲ್ಲಿ ಹೊರಟರೆ ಜನ ಏನಂತಾರೆ?"

"ಹೊರಟ ಅಂತಾರೆ," ಎಂದಳು ಮೇಡಂ.

ಒಂದು ದಿನ ಶಿಷ್ಯನೊಬ್ಬನಿಗೆ ತಿರುವು ಕಲಿಸುತ್ತ ಆಕೆ ಅದೇ ಬೀದಿಗೆ ಬಂದಳು. ನೋಡಿದರೆ, ಅಲ್ಲಾಡಲಾರದ ಭಾವ ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿ, ತುದಿಗಾಲಲ್ಲಿ ನಿಂತು, ಕಿಟಕಿಗೆ ಹೊಸ ಪರದೆ ಕಟ್ಟುತ್ತಿದ್ದಾನೆ! ಕಾರು ನಿಲ್ಲಿಸಿ ಆಕೆ ಬಾಗಿಲು ಬಡಿಯುವಷ್ಟರಲ್ಲಿ ಮಂಚ ಸೇರಿ ಕಣ್ಣು ಮೇಲೆ ಮಾಡಿದ್ದ.

"ಈಗ ತಾನೆ ಮೇಲೆ ನಿಂತಿದ್ರಲ್ಲಾ?"

"ನಾನಾ? ನಿಂತು ಎಷ್ಟು ಕಾಲ ಆಯ್ತಮ್ಮಾ..."

ಪರದೆಯ ಒಂದು ತುದಿ ಇನ್ನೂ ಗಾಳಿಗೆ ಆಡುತ್ತಿತ್ತು.

ಪೊಲೀಸರು, ಇದು ನಮಗೆ ಬರಲ್ಲ, ಕೋರ್ಟಿಗೆ ಹೋಗಿ ಎಂದರು. ವಕೀಲರು ಕಾಗದವನ್ನೆಲ್ಲ ನೋಡಿ, "ಕೇಸು ಹಾಕೋಣ. ಗೆಲ್ಲೋದು ನೀವೇ, ಅನುಮಾನ ಇಲ್ಲ," ಎಂದರು.

"ಯಾವಾಗ ಸಾರ್?"

"ಮೊಮ್ಮಕ್ಕಳಿದಾರಾ ನಿಮಗೆ?"

ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಕೇಸು ಹಾಕಿ ಬಂದಳು. ಗಂಡಸರ ಮಾತಿಗಾದರೂ ಬಗ್ಗಿಯಾನು ಎಂದು ಗಂಡನನ್ನು ಕಳಿಸಿದಳು. ಬೆಳಿಗ್ಗೆ ಎದೆ ಉಬ್ಬಿಸಿಕೊಂಡು ಹೋದವನು ಸಂಜೆ ಬಂದ.

"ಏನಂದ?"

"ಪಾಪ ಕಣೇ, ಒಳ್ಳೆ ಮನುಷ್ಯ. ಚೆಸ್ ಎಷ್ಟು ಚೆನ್ನಾಗಿ ಆಡ್ತಾನೆ ಗೊತ್ತಾ? ನಾಳೆ ಇನ್ನೊಂದಾಟಕ್ಕೆ ಬನ್ನಿ ಅಂದಿದಾನೆ."

"ನಮ್ಮನೆಗೆ ನಮ್ಮನ್ನೇ ಕರೆದ್ನಾ? ದೊಡ್ಡ ಮನಸ್ಸು! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂತು ಅಂತ ಅಳ್ತಿದ್ದೆ. ನಮ್ಮನೆ ಗೆದ್ದಲು ಹಾವಿನ ಜೊತೆ ಚೆಸ್ ಆಡಿ ಬಂದಿದೆ!"

ಭಾವನಿಗೆ ಹೆಂಡತಿಯೊಬ್ಬಳಿದ್ದಳು. ಮೇಡಂ ಹೋದಾಗಲೆಲ್ಲ ಆಕೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿರುತ್ತಿದ್ದಳು. ಭಾವ ಬೆರಳು ಎತ್ತಿದರೆ ನೀರು, ಹುಬ್ಬು ಎತ್ತಿದರೆ ಟೀ. ದಿಂಬು ಜಾರಿದರೆ ಬಂದು ಸರಿಪಡಿಸುತ್ತಿದ್ದಳು. ಇಂಥ ಹೆಂಗಸರಿಂದಲೇ ಇಂಥ ಗಂಡಸರು ಎಂದು ಮೇಡಂ ಆಕೆಯ ಕಡೆ ಮುಖ ಕೊಟ್ಟೂ ಮಾತಾಡುತ್ತಿರಲಿಲ್ಲ.

ಆ ಹೆಂಗಸು ಒಂದು ಮಧ್ಯಾಹ್ನ ತರಕಾರಿ ಚೀಲ ಹಿಡಿದು ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ ಬಂದಳು.

"ಗಂಡನ ಪರವಾಗಿ ಬಂದ್ರಾ? ಈಗ ಯಾವ ಅಂಗ ನೋವಂತೆ?" ಎಂದಳು ಮೇಡಂ.

"ನಂಗೆ ಡ್ರೈವಿಂಗ್ ಕಲಿಸಿ."

ಮೇಡಂ ನಕ್ಕುಬಿಟ್ಟಳು. ಹೆಂಗಸು ನಗಲಿಲ್ಲ. ಜೊತೆಗೆ ಓದಿದ ಗೆಳತಿಯೊಬ್ಬಳು ಹೂಗಿಡಗಳ ನರ್ಸರಿ ನಡೆಸುತ್ತಾಳೆ. ಗಿಡ ಸಾಗಿಸುವ ವ್ಯಾನಿಗೆ ನಂಬುವಂಥ ಒಬ್ಬರು ಬೇಕು, ಬಂದರೆ ಹಿಂದಿನ ರೂಮು ಕೊಡುತ್ತೇನೆ ಎಂದಿದ್ದಾಳೆ. ಆದರೆ ಲೈಸೆನ್ಸ್ ಇರಬೇಕು. ಇಷ್ಟನ್ನೂ ಪಾಠ ಒಪ್ಪಿಸಿದಂತೆ ಹೇಳಿದಳು.

"ಗಂಡನಿಗೆ ಗೊತ್ತಾ?"

"ಗೊತ್ತಾಗಬೇಕಾದ್ರೆ ಮಂಚದಿಂದ ಏಳಬೇಕಲ್ಲ ಮೇಡಂ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು: "ನನ್ನ ತಮ್ಮ ಅವರ ಕಾಟ ತಡೀಲಾರದೆ ಮನೆ ಮಾರ್ಕೊಂಡು ಓಡಿಹೋದ. ಅಕ್ಕನ್ನೂ ಸಾಮಾನಿನ ಜೊತೆ ಇಲ್ಲೇ ಬಿಟ್ಟ. ನಾನೂ ಮನುಷ್ಯಳು ಅಂತ ಒಬ್ರಿಗಾದ್ರೂ ಹೊಳೀಲಿಲ್ಲ. ನಿಮಗೂ."

ಮೇಡಂ ಜನ್ಮದಲ್ಲಿ ಮೊದಲ ಸಲ ಬಾಯಿಗೆ ಬಂದ ಮಾತನ್ನು ನುಂಗಿ, ಕಾರಿನ ಬಾಗಿಲು ತೆರೆದಳು. "ಹತ್ತಿ ಅಕ್ಕ."

ಅಂದಿನಿಂದ ತರಕಾರಿ ತರುವ ಹೊತ್ತು ಉದ್ದವಾಯಿತು. ಅಷ್ಟು ಕಾಳಜಿಯಿಂದ ಮೇಡಂ ಯಾರಿಗೂ ಕಲಿಸಿರಲಿಲ್ಲ. ಅಷ್ಟು ಬೈಗುಳವನ್ನೂ ಯಾರಿಗೂ ಖರ್ಚು ಮಾಡಿರಲಿಲ್ಲ. ಅಕ್ಕನಿಗೆ ಮುಂದೆ ಓಡಿಸುವುದು ಬೇಗ ಬಂತು, ರಿವರ್ಸ್ ಮಾತ್ರ ಬರಲೊಲ್ಲದು. ಮೊದಲ ಟೆಸ್ಟಿನಲ್ಲಿ ಹಿಂದೆ ಹೋಗುತ್ತ ಕಂಬ ಬೀಳಿಸಿ ಫೇಲಾದಳು. ಇನ್‌ಸ್ಪೆಕ್ಟರು, "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ?" ಎಂದಾಗ, ಅಕ್ಕ ಬಾಯಿ ತೆರೆಯುವ ಮೊದಲೇ ಮೇಡಂ, "ಹಿಂದೆ ಹೋಗೋಕೆ ಇಷ್ಟ ಇಲ್ಲ ಸಾರ್ ಅವರಿಗೆ, ಅದಕ್ಕೇ ಬರ್ತಿಲ್ಲ. ಮುಂದಿನ ಸಲ ಬರುತ್ತೆ," ಎಂದಳು. ಎರಡನೆಯ ಸಲ ಬಂತು.

ಲೈಸೆನ್ಸ್ ಕೈಗೆ ಸಿಕ್ಕ ಮೇಲೆ ಒಂದು ಬೆಳಿಗ್ಗೆ ಅಕ್ಕ ಪಾತ್ರೆ ತೊಳೆದಿಟ್ಟು, ಬಟ್ಟೆಯ ಚೀಲ ಹಿಡಿದು ಮಂಚದ ಮುಂದೆ ನಿಂತಳು.

"ನಾನು ಹೋಗ್ತಿದೀನಿ."

ಭಾವ ಪೇಪರಿನಿಂದ ಮುಖ ಎತ್ತಲಿಲ್ಲ. "ಬರೋವಾಗ ಟೀ ಪುಡಿ ತಗೊಂಡು ಬಾ."

ಆಕೆ ಹೊರಟುಹೋದಳು ಎಂಬುದು ಅವನಿಗೆ ಹೊಳೆದದ್ದು ಹೊಟ್ಟೆ ಚುರುಗುಟ್ಟಿದ ಮೇಲೆ. ಮೊದಲು ಕೂಗಿದ. ಆಮೇಲೆ ಅಕ್ಕಪಕ್ಕದವರನ್ನು ಕರೆದು ಎದೆನೋವು ಎಂದ. ಅವರು ಒಂದು ದಿನ ಗಂಜಿ ಕೊಟ್ಟರು. ಮಾರನೆಯ ದಿನ ಅವನು ಅದರಲ್ಲಿ ಉಪ್ಪು ಕಮ್ಮಿಯಾಗಿತ್ತು ಎಂದ ಮೇಲೆ ಕಿಟಕಿ ಹಾಕಿಕೊಂಡರು. ಕೊನೆಗೆ ಚೆಸ್ ಗೆಳೆಯನಿಗೆ ಫೋನ್ ಬಂತು. ಕನ್ನಡಕದ ಗುಮಾಸ್ತ ಊಟದ ಡಬ್ಬಿ ಹಿಡಿದು ಮೆಲ್ಲಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಮೇಡಂ ಬಾಗಿಲಿಗೆ ಅಡ್ಡ ನಿಂತಳು.

"ಆ ಡಬ್ಬಿ ಅಲ್ಲಿಗೆ ಹೋದ್ರೆ ನೀನೂ ಅಲ್ಲೇ ಇದ್ದುಬಿಡು. ಇನ್ನೊಂದು ಮಂಚ ನಾನೇ ಕಳಿಸ್ತೀನಿ."

ಡಬ್ಬಿ ಅಡುಗೆಮನೆಗೆ ಹಿಂತಿರುಗಿತು.

ಸಿಂಕಿನಲ್ಲಿ ಪಾತ್ರೆ ಗೋಪುರವಾಗಿ, ಒಗೆಯದ ಬಟ್ಟೆ ನಾರತೊಡಗಿ, ಭಾವ ಒಂದು ವಾರವೂ ತಡೆಯಲಿಲ್ಲ. ಕೋರ್ಟು ಅಲ್ಲಾಡಿಸಲಾರದವನನ್ನು ಎಂಜಲು ತಟ್ಟೆಗಳು ಎಬ್ಬಿಸಿದವು. ಲಗೇಜ್ ಆಟೋ ತರಿಸಿ, ತನ್ನ ಟ್ರಂಕನ್ನು ತಾನೇ ಹೆಗಲ ಮೇಲೆ ಹೊತ್ತು, ಮೆಟ್ಟಿಲಿಳಿದು ಎತ್ತಿಹಾಕಿದ. ಬೀದಿಯವರು ನೋಡುತ್ತಿದ್ದಾರೆಂದು ನೆನಪಾದಾಗ ಮಾತ್ರ ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡ. ಸೀದಾ ಭಾವಮೈದುನನ ಹೊಸ ಫ್ಲ್ಯಾಟಿಗೆ ಹೋದ. ಅಲ್ಲಿ ಲಿಫ್ಟ್ ಇತ್ತು, ಅವನಿಗೆ ಹಿಡಿಸಿತಂತೆ.

ತಿಂಗಳುಗಟ್ಟಲೆ ಫೋನ್ ಎತ್ತದಿದ್ದ ಮಾರಾಟಗಾರ ಆಮೇಲೆ ತಾನೇ ಫೋನ್ ಮಾಡಿದ. ಹೇಗೆ ಎಬ್ಬಿಸಿದಿರಿ ಎಂದು ಗೋಗರೆದ. "ನಿಮ್ಮಕ್ಕನ್ನ ಕೇಳಿ, ಅವರಿಗೆ ಗೊತ್ತು," ಎಂದು ಮೇಡಂ ಫೋನ್ ಇಟ್ಟಳು. ಅಕ್ಕ ಅವನ ಫೋನ್ ಎತ್ತುತ್ತಿರಲಿಲ್ಲ.

ಗೋಡೆ ಕೆರೆಸಿ, ಸುಣ್ಣ ಹೊಡೆಸಿ, ಸಂಸಾರ ಒಳಗೆ ಬಂತು. ಕಾರು ತನ್ನ ಜಾಗದಲ್ಲಿ ನಿಂತ ಸಂಜೆ ಮೇಡಂ ನರ್ಸರಿಗೆ ಹೋದಳು. ಅಕ್ಕ ಮೊಣಕೈವರೆಗೆ ಮಣ್ಣಾಗಿ ವ್ಯಾನಿಗೆ ಕುಂಡ ಏರಿಸುತ್ತಿದ್ದಳು.

"ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ ಅಕ್ಕ. ನೀವು ಕೂತ್ಕೊಂಡೇ ಇರಿ, ನಾನು ಬಡಿಸ್ತೀನಿ."

ಅಕ್ಕ ತಲೆಯಾಡಿಸಿದಳು. "ನೀವು ಎಲ್ಲಿಗೆ ಕರೆದ್ರೂ ಬರ್ತೀನಿ ಮೇಡಂ. ಆ ಮನೆಗೆ ಬೇಡ. ಆ ಒಲೆ ಮುಂದೆ ನಾನು ಎಷ್ಟು ನಿಂತಿದೀನಿ ಅಂತ ನಿಮಗೆ ಗೊತ್ತಿಲ್ಲ."

ಎಷ್ಟು ಪಾಡುಪಟ್ಟು ಪಡೆದ ಮನೆ, ಅದಕ್ಕೆ ಇವಳು ಕಾಲಿಡುವುದಿಲ್ಲವೇ ಎಂದು ಮೇಡಂಗೆ ಚುಚ್ಚಿತು. ಸೆರಗು ಸಿಕ್ಕಿಸಿ ಕುಂಡಗಳಿಗೆ ಕೈ ಹಾಕಿದಳು. ವ್ಯಾನು ತುಂಬಿದ ಮೇಲೆ ಇಬ್ಬರೂ ಹಿಂದಿನ ರೂಮಿನಲ್ಲಿ ಕೂತು, ಗೆಳತಿ ಆಗಲೇ ತಂದಿಟ್ಟಿದ್ದ ಟೀ ಕುಡಿದರು. ಟೀ ತಣ್ಣಗಾಗಿತ್ತು. ಯಾರೂ ಬಿಸಿ ಮಾಡಲು ಏಳಲಿಲ್ಲ.