ಗಿರಣಿ ನಿಂತ ಮಧ್ಯಾಹ್ನ

ಬೆಂಗಳೂರಿನ ಅಂಚಿನ ಅಬ್ಬಿಗೆರೆ ಇನ್ನೂ ಅರ್ಧ ಹಳ್ಳಿಯಾಗಿದ್ದ ಕಾಲ ಅದು. ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ ಸಿದ್ದಣ್ಣನವರ ಹಿಟ್ಟಿನ ಗಿರಣಿ ಇತ್ತು. ಬೆಳಗ್ಗೆ ಅದು ಶುರುವಾದರೆ ನಮ್ಮ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಬಿಸಿ ರಾಗಿಹಿಟ್ಟಿನ ವಾಸನೆ ಒಗೆದ ಬಟ್ಟೆಗೂ ಹತ್ತುತ್ತಿತ್ತು.

ನಾನು ಮೂರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಅಜ್ಜಿ ಚಾಪೆಯ ಮೇಲೆ ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ತುರಿಸಿಕೊಳ್ಳುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಗೆಳತಿಯರು ಬೀದಿಯಲ್ಲಿ ಕುಂಟೆಬಿಲ್ಲೆ ಆಡುವುದನ್ನು ಕಿಟಕಿಯಿಂದ ನೋಡುತ್ತಾ ಮಜ್ಜಿಗೆ ಅನ್ನ ತಿನ್ನುವುದೇ ನನ್ನ ರಜೆಯಾಯಿತು.

ಅಮ್ಮ ಆಗ ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಣ್ಣ ತಂಡವೊಂದರ ಲೀಡರ್. ಕಂಪ್ಯೂಟರ್ ಮುಂದೆ ಕೂತು ಬರುವುದಕ್ಕೆ ಇಷ್ಟು ಸುಸ್ತು ಯಾಕೋ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಗೊಣಗುತ್ತಿದ್ದಳು. ಆ ವಾರ ಇಡೀ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗಿತ್ತು. ಆ ಜಾಗಕ್ಕಾಗಿ ಹೊರದೇಶದ ಮೇಲಧಿಕಾರಿಗಳ ಮುಂದೆ ಅಮ್ಮನೂ ಇನ್ನೊಬ್ಬರೂ ತಮ್ಮ ಯೋಜನೆ ವಿವರಿಸಬೇಕಿತ್ತು. ಅಷ್ಟರಲ್ಲಿ ನನ್ನ ಸಿಡುಬಿನ ಸುದ್ದಿ ತಿಳಿದು ಆಫೀಸಿನವರು ಬರಬೇಡಿ ಎಂದರು. ಅಮ್ಮ ಪಟ್ಟು ಹಿಡಿದು, ಮನೆಯಿಂದಲೇ ಫೋನಿನಲ್ಲಿ ಮಾತಾಡಲು ಒಪ್ಪಿಗೆ ಪಡೆದಳು. ಆದರೆ ನಮ್ಮಲ್ಲಿ ಸಿಗ್ನಲ್ ಸಿಗುತ್ತಿದ್ದುದು ಮಹಡಿಯ ಮೇಲೆ ಮಾತ್ರ. ಅಲ್ಲಿ ಗಿರಣಿಯ ಸದ್ದಿಗೆ ಎದುರು ನಿಂತವರ ಮಾತೂ ಕೇಳುತ್ತಿರಲಿಲ್ಲ.

ಆ ಮಧ್ಯಾಹ್ನ ಅಮ್ಮ ಮಹಡಿಯಿಂದ ಫ್ಯಾಕ್ಟರಿಯಲ್ಲಿದ್ದ ಅಪ್ಪನಿಗೆ ಫೋನ್ ಮಾಡಿ ನೋಡಿ, ಏನೂ ಕೇಳಿಸದೆ ಕೆಳಗಿಳಿದು ಬಂದು, "ಬಿಡಿ, ಈ ಸಲ ಆಗಲ್ಲ ಅನ್ಸುತ್ತೆ," ಎಂದಳು.

ಬೇವಿನೆಲೆ ಬಿಡಿಸುತ್ತಿದ್ದ ಅಜ್ಜಿ ಚಪ್ಪಲಿ ಮೆಟ್ಟಿ ಗಿರಣಿಗೆ ಹೋದಳು. ನಾನು ಕಿಟಕಿಗೆ ಮುಖ ಒತ್ತಿದೆ. ಸೊಸೆ ಫೋನಿನಲ್ಲಿ ಮಾತಾಡಬೇಕು, ಒಂದು ಗಂಟೆ ಮಿಷನ್ ನಿಲ್ಲಿಸು ಎಂದು ಅವಳು ಕೂಗಿ ಹೇಳಿದಳು. ಸಿದ್ದಣ್ಣ ಮಿಷನ್ ಆರಿಸಿ, ಚೀಲ ಹಿಡಿದು ನಿಂತಿದ್ದವರನ್ನು ತೋರಿಸಿದರು.

"ಇವರೆಲ್ಲ ಕಾಯ್ತಾವ್ರಲ್ಲ, ಅಜ್ಜಮ್ಮ?"

"ಕಾಯ್ಲಿ. ಇಟ್ಟು ಆಮೇಲಾದ್ರೂ ಆಯ್ತದೆ. ಅವ್ಳಿಗೆ ಇಂಗೆ ಇನ್ನೊಂದ್ ಸಲ ಕೇಳ್ತಾರಾ?"

ಹೆಂಗಸರು ಚೀಲಗಳನ್ನಿಟ್ಟು ಜಗಲಿಯ ಮೇಲೆ ಕೂತರು. ಅಜ್ಜಿ ಕುಂಟೆಬಿಲ್ಲೆಯನ್ನೂ ನಿಲ್ಲಿಸಿ ನಮ್ಮ ಮೆಟ್ಟಿಲ ಬುಡದಲ್ಲಿ ಕಾವಲು ಕೂತಳು. ಮಹಡಿಯಿಂದ ಅಮ್ಮನ ಇಂಗ್ಲಿಷು ಕೇಳಿಸತೊಡಗಿತು. ಮೊದಮೊದಲು ದನಿ ನಡುಗುತ್ತಿತ್ತು, ಆಮೇಲೆ ಗಟ್ಟಿಯಾಯಿತು. ನಡುವೆ ಒಮ್ಮೆ ಅಮ್ಮ ಜೋರಾಗಿ ನಕ್ಕಳು. ಒಂದಕ್ಷರ ಅರ್ಥವಾಗದ ಜಗಲಿಯ ಹೆಂಗಸರೂ ನಕ್ಕರು. ನಾನು ತುರಿಕೆಯನ್ನೇ ಮರೆತಿದ್ದೆ.

ಬಿಸಿಲಿಗೆ ಕೆಂಪಾದ ಮುಖದಲ್ಲಿ ಅಮ್ಮ ಕೆಳಗಿಳಿದಳು.

"ಮುಗೀತಾ?" ಎಂದಳು ಅಜ್ಜಿ.

"ಮುಗೀತು, ಅತ್ತೆ."

ಅಜ್ಜಿ ಕೊಟ್ಟ ಮಜ್ಜಿಗೆಯ ಲೋಟ ಹಿಡಿದು ಅಮ್ಮ ಗೋಡೆಗೊರಗಿ ಅತ್ತುಬಿಟ್ಟಳು. ಅಜ್ಜಿ ಅವಳ ತಲೆ ಸವರಿ, ಕಿಟಕಿಯಿಂದಲೇ ಮಿಷನ್ ಹಾಕುವಂತೆ ಸಿದ್ದಣ್ಣನಿಗೆ ಸನ್ನೆ ಮಾಡಿದಳು. ಕೆಲವು ದಿನಗಳಲ್ಲಿ ಆ ಕೆಲಸ ಅಮ್ಮನಿಗೇ ಸಿಕ್ಕಿತು. ಕೊಬ್ಬರಿ ಮಿಠಾಯಿ ಮಾಡಿ ಬೀದಿಗೆಲ್ಲ ಹಂಚಿದವಳು ಅಜ್ಜಿ.

ನಾನು ಕಾಲೇಜು ಸೇರುವ ಹೊತ್ತಿಗೆ ಅಮ್ಮ ಕಂಪನಿಯ ಇಡೀ ಬೆಂಗಳೂರು ಕಚೇರಿಯ ಮುಖ್ಯಸ್ಥೆಯಾಗಿದ್ದಳು. ಅಜ್ಜಿ ಅದನ್ನು ನೋಡಲು ಉಳಿಯಲಿಲ್ಲ. ಗಿರಣಿಯ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಬಂದಿದೆ. ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೂ ನಮಗೆ ಗೊತ್ತಿಲ್ಲ. ಆದರೆ ಕಚೇರಿಯಲ್ಲಿ ಯಾರ ಮಗುವಿಗಾದರೂ ಹುಷಾರಿಲ್ಲವೆಂದರೆ ಅಮ್ಮ ಮೀಟಿಂಗನ್ನೇ ಮುಂದಕ್ಕೆ ಹಾಕುತ್ತಾಳೆ. ಯಾಕೆಂದು ಯಾರಿಗೂ ಹೇಳುವುದಿಲ್ಲ.