ಭಟ್ಟರು ನೀರೆರೆದ ಅರ್ತ್ ಗುಂಡಿ

ಕಳೆದ ವಾರ ವೇಲಚೇರಿಯ ನಮ್ಮ ಫ್ಲಾಟಿನ ಕೆಳಗೆ ಎಲೆಕ್ಟ್ರಿಷಿಯನ್ ಅರ್ತ್ ಗುಂಡಿಯ ಮುಚ್ಚಳ ತೆಗೆದು ನೀರು ಸುರಿದ. ಉಪ್ಪು, ಇದ್ದಿಲು, ಒದ್ದೆ ಮಣ್ಣು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಈವ್ನಿಂಗ್ ವಾಕ್ ಅಲ್ಲಿಗೇ ನಿಂತಿತು. ಭಟ್ಟರು...

ಐವತ್ತರ ದಶಕದ ಕೊನೆ. ಮದರಾಸಿನ ಕೋಡಂಬಾಕ್ಕಂನಲ್ಲಿ ಅಪ್ಪನ ಹೋಟೆಲಿತ್ತು. ಇಡ್ಲಿ, ದೋಸೆಯ ಹಿಟ್ಟನ್ನೆಲ್ಲ ಒರಳಿನಲ್ಲಿ ರುಬ್ಬುತ್ತಿದ್ದವರು ಉಡುಪಿ ಕಡೆಯ ಈ ಭಟ್ಟರು. ರುಬ್ಬಿ ರುಬ್ಬಿ ಅವರ ಬಲಭುಜ ಕೆಟ್ಟಿತು. ಅಪ್ಪ ಎಲೆಕ್ಟ್ರಿಕ್ ಗ್ರೈಂಡರ್ ತಂದರು. ಮಷೀನಿನ ಮೈಗೆ ಕರೆಂಟ್ ಹರಿದರೆ ಅದು ಮುಟ್ಟಿದವರನ್ನು ಹಿಡಿಯದೆ ನೆಲಕ್ಕಿಳಿಯಬೇಕಲ್ಲ, ಅದಕ್ಕೆ ವೈರ್‌ಮ್ಯಾನ್ ಹಿತ್ತಲಲ್ಲಿ ಆಳವಾಗಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದ. ಅದು ಒಣಗಲೇಬಾರದು ಎಂದ. ಮದರಾಸಿನ ಬಿಸಿಲು ಕೇಳಬೇಕಲ್ಲ!

"ಇನ್ನು ಇದೇ ನಿಮ್ಮ ಡ್ಯೂಟಿ ಭಟ್ರೇ. ಗುಂಡಿಗೆ ನೀರು, ನಿಮಗೆ ಊಟ," ಎಂದರು ಅಪ್ಪ.

ಊರಲ್ಲಿ ಭಟ್ಟರಿಗೆ ಯಾರೂ ಇರಲಿಲ್ಲ. ಉಗ್ರಾಣದ ಮೂಲೆಯ ಚಾಪೆಯೇ ಮನೆ. ದಿನಾ ಮಿಂದು, ಒದ್ದೆ ಪಂಚೆಯಲ್ಲೇ ಕೊಡ ತರುತ್ತಿದ್ದರು. ಭಾರವೆಲ್ಲ ಎಡಗೈಗೆ, ಆದರೆ ಎಡಗೈಯಲ್ಲೇ ಎರೆಯಬಾರದೆಂದು ನೋಯುವ ಬಲಗೈಯನ್ನೂ ಕೊಡಕ್ಕೆ ತಾಗಿಸುತ್ತಿದ್ದರು.

"ಅಭಿಷೇಕ ಆಯ್ತಾ ಭಟ್ರೇ? ತೀರ್ಥ ಕೊಡಿ ಮಾರಾಯ್ರೆ!" ಎಂದು ಅಡುಗೆಯವರು ಕೂಗುತ್ತಿದ್ದರು. ಭಟ್ಟರೂ ನಗುತ್ತಿದ್ದರು. ನಗದೆ ಏನು ಮಾಡಿಯಾರು...

ಕರೆಂಟ್ ಆಫೀಸಿನಿಂದ ಇನ್‌ಸ್ಪೆಕ್ಷನ್ನಿಗೆ ಬಂದವನು ಆಂಗ್ಲೋ-ಇಂಡಿಯನ್. ಅಪ್ಪನಿಗೆ ಇಂಗ್ಲಿಷ್ ಬಾರದು. ಕಾನ್ವೆಂಟಿಗೆ ರಜೆಯಿದ್ದ ನಾನೇ ಇಂಟರ್‌ಪ್ರಿಟರ್. ಅವನು ದೂರದಲ್ಲಿ ಎರಡು ಮೊಳೆ ನೆಟ್ಟು, ವೈರು ಎಳೆದು, ತಾನು ತಂದಿದ್ದ ಮೀಟರ್ ಪೆಟ್ಟಿಗೆಯ ಹಿಡಿ ತಿರುಗಿಸಿ ಮುಳ್ಳು ನೋಡಿದ. "ವೆರಿ ಗುಡ್ ಅರ್ತ್! ಬಟ್ ಎ ಮೋಟರ್ ನೀಡ್ಸ್ ಟೂ."

"ಎಂತ ಹೇಳಿದ್ರು ಮಗಾ?" ಭಟ್ಟರು ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

"ನಿಮ್ಮ ಗುಂಡಿ ಬಹಳ ಚೆನ್ನಾಗಿದೆಯಂತೆ. ಇನ್ನೊಂದೂ ಬೇಕಂತೆ."

"ಇನ್ನೊಂದಾ! ಹಾಗಾದ್ರೆ ನನಗೆ ಕೆಲಸ ಡಬಲ್ಲು!" ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ವೈರ್‌ಮ್ಯಾನ್ ಜಾಣ. ಎರಡನೆಯ ಪೈಪನ್ನು ಗಿರಾಕಿಗಳು ಕೈತೊಳೆಯುವ ನೀರಿನ ಮೋರಿಯ ಪಕ್ಕಕ್ಕೆ ಇಳಿಸಿದ. ಇನ್‌ಸ್ಪೆಕ್ಟರ್ ಮತ್ತೆ ಬಂದು ಒಂದೊಂದನ್ನೇ ಬಿಡಿಸಿ ಟೆಸ್ಟ್ ಮಾಡಿದ. "ದಿಸ್ ಒನ್ ಈಸ್ ಈವನ್ ಬೆಟರ್!" ನಾನು ಅನುವಾದಿಸುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು.

ಅವನು ಸರ್ಟಿಫಿಕೇಟಿಗೆ ಸಹಿ ಹಾಕಿ ಹೋದದ್ದೇ ಅಪ್ಪ ಎಲ್ಲರೆದುರು ಕರೆದರು. "ನೋಡಿದ್ರಾ ಭಟ್ರೇ? ಎಂಜಲು ಕೈ ತೊಳೆದ ನೀರು ನಿಮಗಿಂತ ಚಂದ ಕೆಲಸ ಮಾಡ್ತದೆ. ಅದಕ್ಕೆ ಎಲೆ ಹಾಕಿ ಬಡಿಸಬೇಕಂತಲೂ ಇಲ್ಲ."

ಅಡುಗೆಮನೆಯೆಲ್ಲ ಘೊಳ್ಳೆಂದಿತು.

"ಆದ್ರೆ ಧಣಿ, ನನ್ನ ಗುಂಡಿ ಒಣಗ್ತದಲ್ಲ?"

"ಒಣಗ್ಲಿ."

ಆ ಮಧ್ಯಾಹ್ನ ಅವರಿಗೆ ಎಲೆ ಹಾಕಿದರು. ಮಷೀನಿನ ಹಿಟ್ಟಿನ ಇಡ್ಲಿ. ಭಟ್ಟರು ಬೆರಳಲ್ಲಿ ಮುರಿದು ನೋಡಿ, "ನುಣ್ಣಗೆ ಬಂದಿದೆ," ಎಂದರು. ಚಾಪೆ ಸುತ್ತಿಕೊಂಡು ಬಾಗಿಲಿಗೆ ಬಂದಾಗ ಅಪ್ಪ ತಲೆಯೆತ್ತಲಿಲ್ಲ. ಯಾವ ಕಡೆಗೆ ಹೋದರೋ... ಯಾರೂ ಕೇಳಲಿಲ್ಲ.

ಈಗ ಅಪ್ಪನೂ ಇಲ್ಲ, ಹೋಟೆಲೂ ಇಲ್ಲ. ನಿನ್ನೆ ತಮ್ಮನಿಗೆ ಫೋನ್ ಮಾಡಿದೆ. ಕೂಸಾಗಿದ್ದಾಗ ಅವನು ನಿದ್ದೆ ಮಾಡುತ್ತಿದ್ದದ್ದು ಭಟ್ಟರ ತೊಡೆಯ ಮೇಲೆಯೇ. ಅವರ ಊರು ಯಾವುದಾಗಿತ್ತೋ, ನಿನಗೇನಾದರೂ ನೆನಪಿದೆಯಾ ಎಂದೆ.

"ವಿಚ್ ಭಟ್ರು, ಅಕ್ಕಾ?" ಎಂದ. "ದೇರ್ ವರ್ ಸೋ ಮೆನಿ."