ಅಪ್ಪ ಕೂರುವ ಗಾಡಿ

ನನ್ನ ಗಾಡಿಗೆ ಸೀರೆ ಗಾರ್ಡು ಇನ್ನೂ ಇದೆ. ಹಿಂದೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕದಿರಲಿ ಎಂದು ಎಡಗಡೆ ಹಾಕಿರುವ ಕಬ್ಬಿಣದ ಜಾಲರಿ ಅದು. ಕೆಳಗೆ ಕಾಲಿಡಲು ಒಂದು ಪಟ್ಟಿ. ಮದುವೆಯಾಗದ ಗಂಡಸರು ಅದನ್ನು ಷೋರೂಮಿನಲ್ಲೇ ಬಿಚ್ಚಿಸಿಬಿಡುತ್ತಾರೆ. ನನಗೂ ಮದುವೆಯಾಗಿಲ್ಲ. 'ಯಾರಿಗೆ ಮೇಷ್ಟ್ರೇ ಇದು?' ಎಂದು ಶಾಲೆಯಲ್ಲಿ ಕೇಳುತ್ತಾರೆ, ಕೇಳಿ ನಗುತ್ತಾರೆ. ಅಪ್ಪನಿಗೆ ಎಂದು ನಾನು ಯಾರಿಗೂ ಹೇಳಿಲ್ಲ. ಅಪ್ಪ ಹೋಗಿ ಆರು ತಿಂಗಳಾಯಿತು.

ನಲವತ್ತು ಹತ್ತಿರವಾಗುವವರೆಗೆ ನಾನು ಯಾವ ಗಾಡಿಯನ್ನೂ ಓಡಿಸಿದವನಲ್ಲ. ನಂಜನಗೂಡಿನ ಮನೆಯಿಂದ ತಿ. ನರಸೀಪುರದ ಶಾಲೆಗೆ ಬಸ್ಸು, ಸಂಜೆ ವಾಪಸ್ಸು ಬಸ್ಸು. ನಾನು ಸೀಟಿನಲ್ಲಿ ಕೂತರೆ ಪಕ್ಕದವರು ಅರ್ಧ ಹೊರಗೆ ಕೂರಬೇಕು, ಹಾಗಾಗಿ ಎಷ್ಟೋ ಸಲ ಸುತ್ತೂರು ದಾಟುವವರೆಗೂ ನಿಂತೇ ಹೋಗುತ್ತಿದ್ದೆ. ಚಿಕ್ಕಂದಿನಿಂದಲೂ ದಪ್ಪ. ಅದು ನನಗೆ ಗೊತ್ತೇ ಇಲ್ಲವೇನೋ ಎಂಬಂತೆ ಜನ ದಿನಾ ನೆನಪಿಸುತ್ತಾರೆ.

ಗಾಡಿ ಏನಿದ್ದರೂ ಅಪ್ಪನದು. ಹಳೆಯ ಮೊಪೆಡ್ಡಿನಲ್ಲಿ ಬೆಳಿಗ್ಗೆ ಎದ್ದು ಹುಲ್ಲಹಳ್ಳಿ ಹತ್ತಿರದ ನಮ್ಮ ಗದ್ದೆಗೆ ಹೋಗಿಬರುತ್ತಿದ್ದರು. ಒಂದು ದಿನ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ತಿಂಗಳುಗಟ್ಟಲೆ ಔಷಧಿ ಮಾಡಿಸಿದ ಮೇಲೆ ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟು ಶಕ್ತಿ ಬಂತು, ಅಲ್ಲಿಗೆ ನಿಂತಿತು.

ಗದ್ದೆಗೆ ನಾಲೆ ಏರಿಯ ಮೇಲೇ ಹೋಗಬೇಕು. ಅಲ್ಲಿ ಆಟೋ ಹೋಗುವುದಿಲ್ಲ. ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಮಾಡುತ್ತಿದ್ದವನು ತನ್ನ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆಂದ. ಅಪ್ಪ ಒಪ್ಪಲಿಲ್ಲ. ತನ್ನ ಗದ್ದೆಗೆ ಇನ್ನೊಬ್ಬರ ಬೆನ್ನಿಗೆ ಕೂತು ಹೋಗುವುದು ಅವರಿಂದ ಆಗುವ ಮಾತಲ್ಲ. ಅವನು ಬಂದಾಗಲೆಲ್ಲ ನೀರು ಬಂತಾ, ಕಳೆ ತೆಗೆಸಿದ್ಯಾ ಎಂದು ಕೇಳುವರು. ಅವನು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗುವರು. ಬರಬರುತ್ತಾ ಕೇಳುವುದನ್ನೂ ಬಿಟ್ಟರು. ಮುದ್ದೆ ಅರ್ಧ ಮುರಿದು ತಟ್ಟೆ ಸರಿಸತೊಡಗಿದರು.

ಒಂದು ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

"ಗದ್ದೆ ಒಂದ್ಸಲ ಕಣ್ಣಲ್ಲಿ ನೋಡ್ಲಿಲ್ಲ ಅಂದ್ರೆ ಇವ್ರು ಉಳಿಯಕಿಲ್ಲ ಕಣ್ಲಾ" ಎಂದಳು.

ನನಗೆ ಭಯವಾಯಿತು. ಗಾಡಿ ಕಲಿಯುವುದೆಂದು ಅವತ್ತೇ ತೀರ್ಮಾನಿಸಿದೆ.

ಶಾಲೆ ಬಿಟ್ಟ ಮೇಲೆ ನಮ್ಮ ಪಿ.ಟಿ. ಮೇಷ್ಟ್ರು ಮೈದಾನದಲ್ಲಿ ತಮ್ಮ ಬೈಕು ಕೊಟ್ಟು ಕಲಿಸಿದರು. ನಾನು ಹತ್ತಿದೊಡನೆ ಅದರ ಹಿಂಭಾಗ ಕುಸಿಯಿತು. ಅವರು ಸುತ್ತು ಹಾಕಿ ಹೋಗಿ ಟೈರು ನೋಡಿಕೊಂಡು ಬಂದರು. "ಕ್ಲಚ್ ಒಂದೇ ಸಲ ಬುಡ್ಬ್ಯಾಡಿ ಮೇಷ್ಟ್ರೇ, ಮೆಲ್ಲಗೆ" ಎನ್ನುವಷ್ಟರಲ್ಲಿ ನಾನು ಬಿಟ್ಟಿರುತ್ತಿದ್ದೆ. ಬಿದ್ದೆ, ಎದ್ದೆ, ಮಂಡಿ ತರಚಿಕೊಂಡೆ. ಕೊನೆಗೂ ಆರ್‌ಟಿಓ ಆಫೀಸಿನವರ ಎದುರು ಎಂಟು ಹಾಕಿ ಲೈಸೆನ್ಸು ಪಡೆದೆ.

ಮೊದಲು ಹೋದದ್ದು ತಿ. ನರಸೀಪುರದ ಒಂದು ಷೋರೂಮಿಗೆ. ಅಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನೇರವಾಗಿ ಎಲ್ಲಕ್ಕಿಂತ ಭಾರದ ಗಾಡಿಯ ಬಳಿ ನಿಲ್ಲಿಸಿದ.

"ನಿಮ್ ಪರ್ಸನಾಲ್ಟಿಗೆ ಇದೇ ಕಣ್ ಸಾ. ಚಿಕ್ಕದ್ರಲ್ಲಿ ಕೂತ್ರೆ ಗಾಡೀನೇ ಕಾಣಕಿಲ್ಲ, ನೀವೊಬ್ರೇ ಕಾಣ್ತೀರಿ."

ಸುಳ್ಳೇಕೆ ಹೇಳಲಿ, ಅದರ ಮೇಲೆ ಕೂತಾಗ ಹಿತವಾಯಿತು. ಜೀವನದಲ್ಲಿ ಮೊದಲ ಸಲ ನನಗಿಂತ ದೊಡ್ಡದೊಂದು ವಸ್ತುವಿನ ಮೇಲೆ ಕೂತಿದ್ದೆ. ರಸ್ತೆಗೆ ತೆಗೆದುಕೊಂಡು ಹೋದೆ. ತಿರುಗಿಸಿ ನಿಲ್ಲಿಸುವಾಗ ಅದು ಸ್ವಲ್ಪ ವಾಲಿತು, ಆಮೇಲೆ ನನ್ನ ಕೈಗೆ ಸಿಗಲಿಲ್ಲ. ಮಲಗಿದ ಗಾಡಿಯನ್ನು ಎತ್ತಲು ಇಬ್ಬರು ಬರಬೇಕಾಯಿತು. ದಪ್ಪಗಿರುವವನಿಗೆ ಬಲವಿರುತ್ತದೆಂದು ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಹಿಂದೆ ಅಪ್ಪ ಕೂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಬೆವರಿದೆ.

ಆಮೇಲೆ ಸೀಟಿನ ಎತ್ತರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸ್ಕೂಟರು ತಗ್ಗಾಗಿತ್ತು, ಆದರೆ ಅದರ ಚಿಕ್ಕ ಚಕ್ರಕ್ಕೆ ಏರಿಯ ಹಳ್ಳಗಳು ಆಗಿಬರುವುದಿಲ್ಲ. ಕೊನೆಗೆ ನಂಜನಗೂಡಿನಲ್ಲೇ ಒಂದು ಸಾಧಾರಣ ಬೈಕು ಸಿಕ್ಕಿತು. ಸೀಟು ತಗ್ಗು, ಉದ್ದ, ಚಪ್ಪಟೆ. ನಾನು ಕೂತ ಮೇಲೂ ಹಿಂದೆ ಒಬ್ಬರಿಗೆ ಜಾಗ ಉಳಿಯುತ್ತಿತ್ತು. ಇದು ನನಗೆ ಸಣ್ಣ ವಿಷಯವಲ್ಲ. ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ.

ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು, ಸೀಟು ಹಿಡಿದು ಬಲಗಾಲೆತ್ತಿದರು. ಭಾರವೆಲ್ಲ ಎಡಗಾಲಿನ ಮೇಲೆ ಬಿತ್ತು, ಅದು ತಡೆಯಲಿಲ್ಲ. ಬೀಳುವವರನ್ನು ಹಿಡಿದುಕೊಂಡೆ. ಆ ಕಡೆಯಿಂದ ಹತ್ತಲು ನೋಡಿದರು. ಎಡಗಾಲು ಸೀಟಿನ ಎತ್ತರಕ್ಕೆ ಏಳಲೇ ಇಲ್ಲ.

ಷೋರೂಮಿನವನು, "ಒಂದೇ ಕಡೀಕೆ ಕಾಲಾಕಿ ಕೂತ್ಕಳಿ ಯಜಮಾನ್ರೇ, ಸೀರೆ ಗಾರ್ಡ್ ಐತಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ನಮ್ಮ ಕಡೆ ಗಂಡಸರು ಹಾಗೆ ಕೂರುವುದಿಲ್ಲ. ಜ್ವರ ಬಂದು ಕತ್ತು ನಿಲ್ಲದವನನ್ನೂ ಇಬ್ಬರ ನಡುವೆ ಕಾಲಗಲಿಸಿಯೇ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಾರೆ. ಅಪ್ಪ ನನ್ನ ಕೈಯಿಂದ ಕೋಲು ತೆಗೆದುಕೊಂಡು ಹೊರಟರು. ಆಟೋದಲ್ಲಿ ಕೂತ ಮೇಲೆ ನನಗೆ ಹೇಳಿದರು: "ಈ ವಯಸ್ಸಲ್ಲಿ ನನ್ಗೆ ಸೀರೆ ಉಡುಸ್ಬ್ಯಾಡ ಕಣ್ಲಾ."

ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು. ಹಟಕ್ಕೆ ಬಿದ್ದು ಅದೇ ಗಾಡಿಯನ್ನೇ ತಂದೆ, ಗಾರ್ಡು ಬಿಚ್ಚಿಸಲಿಲ್ಲ. ದೇವಸ್ಥಾನದ ಮುಂದೆ ಹೂವು ಹಾಕಿಸಿ, ಚಕ್ರದಡಿ ನಿಂಬೆಹಣ್ಣು ಇಡಿಸಿದೆ. ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ಇಂಜಿನ್ನು ಆಫಾಯಿತು. ಪೂಜಾರರು ಬೇರೆ ಕಡೆ ನೋಡುತ್ತಾ ನಿಂತರು.

ಅಪ್ಪ ಗಾಡಿ ನೋಡಲು ಬಾಗಿಲಿಗೂ ಬರಲಿಲ್ಲ. ಹಾಗೇ ದಿನಗಳು ಹೋದವು. ಒಂದು ಸಂಜೆ ಅವ್ವ ಅವರ ತಟ್ಟೆ ಎತ್ತುತ್ತಾ, ಯಾರಿಗೋ ಹೇಳುವಂತೆ ಹೇಳಿದಳು: "ಇಷ್ಟು ವರ್ಸ ಮೊಪೆಡ್ನಲ್ಲಿ ನಾನು ನಿಮ್ಮಿಂದೆ ಒಂದೇ ಕಡೆ ಕಾಲಾಕ್ಕೊಂಡು ಕೂತಿದ್ನಲ್ಲ. ನಾನೇನು ಮನುಸಳಲ್ವಾ?"

ಅವ್ವ ಮತ್ತೆ ಆ ಮಾತೆತ್ತಲಿಲ್ಲ.

ಮುಂದಿನ ಭಾನುವಾರ ನಾನು ಏಳುವ ಹೊತ್ತಿಗೆ ಅಪ್ಪ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ಕೂತಿದ್ದರು. ನಾನು ಗಾಡಿ ಹತ್ತಿ ಎರಡೂ ಕಾಲು ನೆಲಕ್ಕೆ ಊರಿ ನಿಂತೆ. ಅಪ್ಪ ಹಿಂದು ಹಿಂದಾಗಿ ಬಂದು, ಜಗಲಿಯ ಮೇಲೆ ಕೂರುವಂತೆ ಸೀಟಿನ ಮೇಲೆ ಕೂತರು. ಒಂದೇ ಸಲಕ್ಕೆ ಅವರ ಭಾರವೆಲ್ಲ ಬಿತ್ತು. ಗಾಡಿ ಅಲುಗಲಿಲ್ಲ. ನನ್ನ ಮೈ ಭಾರ ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು. ಅವ್ವ ಅವರ ಕಾಲುಗಳನ್ನು ಪಟ್ಟಿಯ ಮೇಲೆ ಇಟ್ಟಳು, ಎಡಗಾಲನ್ನು ಎತ್ತಿ, ಬಲಗಾಲಿನ ಪಕ್ಕಕ್ಕೆ. ಹಾಗೆ ಕೂತಾಗ ಸ್ವಾಧೀನವಿದ್ದ ಬಲಗೈ ತಾನಾಗಿ ನನ್ನ ಕಡೆಗೇ ಬಂತು. ಅದು ನನ್ನ ಹೊಟ್ಟೆಯನ್ನು ಪೂರ್ತಿ ಬಳಸಲಾರದೆ ಅಂಗಿಯನ್ನು ಹಿಡಿಯಿತು.

ಅಪ್ಪ ಟವೆಲ್ಲನ್ನು ತಲೆ, ಮುಖ ಮುಚ್ಚುವಂತೆ ಹೊದ್ದುಕೊಂಡಿದ್ದರು. ಹುಲ್ಲಹಳ್ಳಿ ಹತ್ತಿರವಾದಾಗ, "ಊರೊಳಕ್ಕೆ ಬ್ಯಾಡ, ಇತ್ಲಾಗಿಂದ ಏರಿ ಮೇಲಕ್ಕೆ ಓಗು" ಎಂದರು. ಊರಿನ ಅಂಗಡಿ ಸಾಲಿನಲ್ಲಿ ಅವರನ್ನು ತಿಳಿಯದವರಿಲ್ಲ. ನಾನು ಬಳಸಿಕೊಂಡೇ ಹೋದೆ.

ಪೈರು ಮಂಡಿಯುದ್ದ ಬೆಳೆದಿತ್ತು. ಬದುವಿನ ಮೇಲೆ ನಡೆಯಲು ಅಪ್ಪನಿಗೆ ಆಗುತ್ತಿರಲಿಲ್ಲ. ನನ್ನ ತೋಳು ಹಿಡಿದು ಗದ್ದೆಯ ಮೂಲೆಯಲ್ಲಿ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿಸು ಎಂದು ಸನ್ನೆ ಮಾಡಿದರು. ಸೊಂಟ ಹಿಡಿದು ಬಗ್ಗಿಸಿದೆ. ಕೆಸರಿನೊಳಕ್ಕೆ ಬೆರಳಿಟ್ಟು, ಎಷ್ಟು ನೀರು ನಿಂತಿದೆ ಎಂದು ನೋಡಿಕೊಂಡರು. "ನೀರು ಜಾಸ್ತಿ ನಿಲ್ಸವ್ನೆ ಬಡ್ಡೀಮಗ" ಎಂದು ವಾರದವನನ್ನು ಬೈದರು. ತಿಂಗಳುಗಳ ನಂತರ ಅಪ್ಪನ ಬಾಯಲ್ಲಿ ಬೈಗುಳ ಕೇಳಿ ನನಗೆ ಅಳು ಬಂತು.

ವಾಪಸ್ಸು ಹೊರಟಾಗ ನಾನು ಬಂದ ದಾರಿಗೇ ಗಾಡಿ ತಿರುಗಿಸಿದೆ. ಅಪ್ಪ ಅಂಗಿ ಜಗ್ಗಿದರು.

"ಊರೊಳಗಿಂದ್ಲೇ ಓಗು."

ಅಂಗಡಿ ಸಾಲಿನ ಮುಂದೆ ನಿಧಾನ ಮಾಡು ಎಂದರು. ಟೀ ಅಂಗಡಿಯಿಂದ ಅವರ ವಯಸ್ಸಿನವರೊಬ್ಬರು ಎದ್ದು ಬಂದು, "ಇದೇನಣ್ಣಾ, ಎಂಗಸ್ರಂಗೆ ಕೂತಿದ್ದೀಯ?" ಎಂದರು. ಕನ್ನಡಿಯಲ್ಲಿ ನೋಡಿದೆ. ಟವೆಲ್ಲು ಅಪ್ಪನ ಹೆಗಲ ಮೇಲಿತ್ತು.

"ಊಂ ಕಣಪ್ಪ" ಎಂದರು ಅಪ್ಪ. "ನನ್ ಮಗ ಗಾಡಿ ತಂದವ್ನೆ. ನಾನು ಕೂರಂಗೆ ನೋಡಿ ತಂದವ್ನೆ."